ಬಿಲ್ ಯಾರ ಹೆಸರಿಗೆ?

ಮಾನ್ಯ ಸಂಪಾದಕರೇ,

ಮಾಹಿತಿ ಉದ್ಯಮದ ಏಳುಬೀಳಿನ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಬರವಣಿಗೆ ಸೊಗಸಾಗಿದೆ. ನನ್ನ ತಕರಾರು ಎರಡೇ ಮಾತಿಗೆ. ಇಂಟರ್ನೆಟ್ಟಿನಲ್ಲಿ ಮಾಹಿತಿ ಹುಡುಕಿ ತೆರೆಯುವ ಗೋಫರ್ ಎಂಬ ಹಳೆಯ ವ್ಯವಸ್ಥೆ ವೆಬ್ ಎದುರು ಸೋತದ್ದು ಅದರಲ್ಲಿ ಚಿತ್ರ ಕಾಣುತ್ತಿರಲಿಲ್ಲ ಎಂಬ ಕಾರಣಕ್ಕೆ, ಎಂದು ಲೇಖಕರು ಬರೆದಿದ್ದಾರೆ. ಇದು ಅರ್ಧ ನಿಜ. ಜಾಹೀರಾತಿನ ಬಲದಲ್ಲಿ ಎಲ್ಲವನ್ನೂ ಪುಕ್ಕಟೆ ಕೊಡುವ ಪದ್ಧತಿ ಗೆದ್ದಾಗಿದೆ, ಉಳಿದ ಪದ್ಧತಿಗಳಿಗೆ ಭವಿಷ್ಯವಿಲ್ಲ, ಮಾರುಕಟ್ಟೆಯೇ ತೀರ್ಪು ಕೊಟ್ಟಾಗಿದೆ ಎಂದೂ ಬರೆದಿದ್ದಾರೆ. ಇದನ್ನು ಒಪ್ಪಲು ನನ್ನ ಕಸುಬು ಬಿಡುವುದಿಲ್ಲ.

ನಾನು 27 ವರ್ಷ ಬಿಲ್ಲಿಂಗ್ ಪ್ರೋಗ್ರಾಂ ಬರೆದು ನಿವೃತ್ತಳಾದವಳು. ಹೊಸ ಸೇವೆ ಶುರುವಾದಾಗ ಫೋಟೊಗೆ ನಿಲ್ಲುವವರು ಬೇರೆ. ತಿಂಗಳ ಕೊನೆಯ ರಾತ್ರಿ ಎಲ್ಲ ಗ್ರಾಹಕರ ಬಿಲ್ ತಯಾರಿಸುವ ಬಿಲ್ ರನ್ ಮುಗಿಯುವ ತನಕ ಕಣ್ಣಿಗೆ ನೀರು ಹಾಕಿಕೊಂಡು ಕೂರುವವರು ಬೇರೆ. ನಾವು ಎರಡನೆಯ ಗುಂಪಿನವರು. ಕಂಪನಿ ತನ್ನ ಬಗ್ಗೆ ಏನೇ ಹೇಳಿಕೊಳ್ಳಲಿ, ಅದು ನಿಜವಾಗಿ ಏನು ಮಾರುತ್ತಿದೆ ಎಂಬುದು ಬಿಲ್ಲಿನ ಸಾಲಿನಲ್ಲಿ ಇರುತ್ತದೆ. ಆ ಸಾಲನ್ನು ಬರೆಯುತ್ತಿದ್ದುದು ನಾವು.

ಒಂದು ಉದಾಹರಣೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರೈಲಿನ ವೇಳೆಯನ್ನು ಫೋನಿನಲ್ಲಿ ಹೇಳುವ ಸೇವೆಯೊಂದಕ್ಕೆ ನನ್ನನ್ನು ಹಾಕಿದ್ದರು. ದರ ನಿಮಿಷಕ್ಕಿಷ್ಟು. ಎರಡನೇ ವಾರಕ್ಕೇ ಮೇಲಿನಿಂದ ಸೂಚನೆ ಬಂತು: ಸ್ವಾಗತದ ಮಾತು ನಿಧಾನವಾಗಿರಲಿ, ಆಯ್ಕೆಗಳನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಗುಂಡಿ ಒತ್ತಲು ಬರುವಂತಿರಲಿ, ರೈಲಿನ ವೇಳೆ ಮೂರನೇ ಮೆನುವಿನಲ್ಲಿ ಇರಲಿ. ಹಾಗೇ ಮಾಡಿದೆವು. ಕೆಲವು ವರ್ಷಗಳ ನಂತರ ಅದೇ ಸೇವೆ ತಿಂಗಳ ಚಂದಾಕ್ಕೆ ಬಂತು. ಈಗ ಪ್ರತಿ ನಿಮಿಷವೂ ಕಂಪನಿಗೆ ಖರ್ಚು. ಸ್ವಾಗತದ ಮಾತು ಮಾಯವಾಯಿತು, ಕರೆ ಮಾಡಿದವರ ನಂಬರ್ ಗುರುತಿಸಿ ಅವರು ದಿನಾ ಕೇಳುವ ರೈಲಿನ ವೇಳೆಯನ್ನು ಮೊದಲೇ ಹೇಳುವ ಜಾಣತನವನ್ನು ನಮ್ಮ ತಂಡದ ಹುಡುಗನೊಬ್ಬ ಸೇರಿಸಿದ. ಎಲ್ಲರೂ ಅವನ ಬೆನ್ನು ತಟ್ಟಿದರು. ಮತ್ತಷ್ಟು ವರ್ಷಗಳ ಮೇಲೆ ಸೇವೆ ಇಂಟರ್ನೆಟ್ಟಿಗೆ ಹೋಯಿತು, ಪುಕ್ಕಟೆಯಾಯಿತು, ಜಾಹೀರಾತು ಬಂತು. ಆಗ ಬಂದ ಸೂಚನೆ: ಹೊರಡುವ ವೇಳೆ ಒಂದು ಪುಟದಲ್ಲಿರಲಿ, ತಲುಪುವ ವೇಳೆ ಇನ್ನೊಂದರಲ್ಲಿ, ಪ್ಲಾಟ್‌ಫಾರ್ಮ್ ಸಂಖ್ಯೆ ಮತ್ತೊಂದರಲ್ಲಿ.

ರೈಲು ಅದೇ, ವೇಳೆ ಅದೇ, ಮಾಹಿತಿ ಇಟ್ಟ ಕೋಷ್ಟಕವೂ ಅದೇ. ಕುಳಿತು ಬರೆದವರೂ ನಾವೇ. ನಾವೇನೂ ಮೊದಲು ದಡ್ಡರಾಗಿದ್ದು, ನಡುವೆ ಜಾಣರಾಗಿ, ಮತ್ತೆ ದಡ್ಡರಾಗಲಿಲ್ಲ. ಬದಲಾದದ್ದು ಬಿಲ್ಲಿನಲ್ಲಿದ್ದ ಒಂದು ಸಾಲು. ಹೊಸತನ ಯಾವ ದಿಕ್ಕಿಗೆ ಹರಿಯಬೇಕು ಎಂಬುದನ್ನು ಆ ಸಾಲು ನಮಗಿಂತ ಮೊದಲೇ ತೀರ್ಮಾನಿಸಿರುತ್ತಿತ್ತು.

ಈಗ ಗೋಫರ್ ವಿಷಯ. ಅದು ಹುಟ್ಟಿದ್ದು 1991ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಪರದೆಯ ಮೇಲೆ ಮೆನು ಬರುತ್ತಿತ್ತು, ಬೇಕಾದ ಸಾಲನ್ನು ಆರಿಸಿದರೆ ಕಡತ ತೆರೆಯುತ್ತಿತ್ತು. ಮೊದಮೊದಲು ಅದರ ಬಳಕೆ ವೆಬ್‌ಗಿಂತ ಹೆಚ್ಚಾಗಿಯೇ ಇತ್ತು. 1993ರ ಆರಂಭದಲ್ಲಿ ವಿಶ್ವವಿದ್ಯಾಲಯವು ತನ್ನ ಗೋಫರ್ ಸರ್ವರ್ ತಂತ್ರಾಂಶವನ್ನು ವ್ಯಾಪಾರಕ್ಕೆ ಬಳಸುವವರಿಂದ ಪರವಾನಗಿ ಶುಲ್ಕ ಕೇಳುವುದಾಗಿ ತಿಳಿಸಿತು. ಕೇಳಿದ್ದು ತಪ್ಪೇನಲ್ಲ, ಅದನ್ನು ಬರೆದವರಿಗೂ ಸಂಬಳ ಆಗಬೇಕಲ್ಲ. ಆದರೆ ಪ್ರೋಗ್ರಾಂ ಬರೆಯುವವರಲ್ಲಿ ಶಂಕೆ ಹುಟ್ಟಿತು. ಇವತ್ತು ಸರ್ವರ್‌ಗೆ ಕೇಳಿದವರು ನಾಳೆ ನಾವು ಸ್ವಂತವಾಗಿ ಬರೆದುಕೊಂಡದ್ದಕ್ಕೂ ಕೇಳಿಯಾರು ಎಂಬ ಶಂಕೆ. ಅದೇ ವರ್ಷ ಏಪ್ರಿಲ್ 30ರಂದು ಯುರೋಪಿನ ಸರ್ನ್ ಸಂಶೋಧನಾಲಯವು ಟಿಮ್ ಬರ್ನರ್ಸ್-ಲೀ ಅಲ್ಲಿ ರೂಪಿಸಿದ್ದ ವೆಬ್ಬಿನ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲಿ ಎಂದು ಬಿಟ್ಟುಕೊಟ್ಟಿತು. ಮೊಸಾಯಿಕ್ ಬ್ರೌಸರಿನಲ್ಲಿ ಪಠ್ಯದ ನಡುವೆಯೇ ಚಿತ್ರ ಕಾಣತೊಡಗಿದ್ದೂ ಅದೇ ವರ್ಷ, ಅದು ನೆರವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಚಿತ್ರ ತೋರಿಸುವುದನ್ನು ಗೋಫರ್‌ಗೂ ಕಲಿಸಬಹುದಿತ್ತು. ಶುಲ್ಕದ ಭಯ ಹೊಕ್ಕ ಮೇಲೆ ಕಲಿಸಲು ಹೆಚ್ಚು ಜನ ಮುಂದೆ ಬರಲಿಲ್ಲ. 2000ದಲ್ಲಿ ವಿಶ್ವವಿದ್ಯಾಲಯವೂ ಗೋಫರನ್ನು ಮುಕ್ತ ಪರವಾನಗಿಯಡಿ ಬಿಟ್ಟಿತು. ಅಷ್ಟೊತ್ತಿಗೆ ಕೇಳುವವರು ಇರಲಿಲ್ಲ.

ಇದರಿಂದ ‘ಪುಕ್ಕಟೆ ಯಾವಾಗಲೂ ಗೆಲ್ಲುತ್ತದೆ’ ಎಂದು ಲೇಖಕರು ಹೇಳಬಹುದು. ಹಾಗಾದರೆ ಫ್ರಾನ್ಸಿನ ಮಿನಿಟೆಲ್ ನೋಡಿ. ಅಲ್ಲಿನ ದೂರವಾಣಿ ಇಲಾಖೆ 1982ರಿಂದ ಮನೆಮನೆಗೆ ಫೋನ್ ತಂತಿಗೆ ಜೋಡಿಸುವ, ಪರದೆ-ಕೀಲಿಮಣೆಯ ಪುಟ್ಟ ಟರ್ಮಿನಲ್ ಕೊಟ್ಟಿತು, ಬಿಟ್ಟಿಯಾಗಿ. ಸೇವೆಗಳಿಗೆ ಮಾತ್ರ ನಿಮಿಷದ ಲೆಕ್ಕ. ಹಣ ಫೋನ್ ಬಿಲ್ಲಿನಲ್ಲೇ ಬರುತ್ತಿತ್ತು, ಇಲಾಖೆ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಸೇವೆ ಕೊಟ್ಟವರಿಗೆ ದಾಟಿಸುತ್ತಿತ್ತು. ಕಾರ್ಡ್ ನಂಬರ್ ಬೇಡ, ಹೆಸರು ಬೇಡ, ಪಾಸ್‌ವರ್ಡ್ ಬೇಡ. 3615 ಒತ್ತಿ ಸೇವೆಯ ಹೆಸರು ಟೈಪ್ ಮಾಡಿದರೆ ಮೀಟರ್ ಓಡುತ್ತಿತ್ತು. ಬಿಲ್ ಬರೆಯುವವಳಾಗಿ ಹೇಳುತ್ತೇನೆ, ಇಷ್ಟು ಚೊಕ್ಕವಾದ ವಸೂಲಿ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಣ್ಣಪುಟ್ಟ ಸೇವೆ ನಡೆಸುವವರೂ ಅದರಿಂದ ಬದುಕಿದರು. ಜಾಹೀರಾತಿನ ಹಂಗು ಅವರಿಗಿರಲಿಲ್ಲ. ಆದರೆ ನಿಮಿಷದ ಬಿಲ್ ತನ್ನ ಗುಣವನ್ನು ಅಲ್ಲೂ ತೋರಿಸಿತು. ಬೇಗ ಉತ್ತರ ಕೊಡುವ ಸೇವೆಗಿಂತ, ಅಪರಿಚಿತರು ಗಂಟೆಗಟ್ಟಲೆ ಸರಸದ ಹರಟೆ ಹೊಡೆಯುವ ಸೇವೆಗಳು ದುಂಡಗಾದವು. ಮೂವತ್ತು ವರ್ಷ ನಡೆದು 2012ರ ಜೂನ್ 30ರಂದು ಮಿನಿಟೆಲ್ ನಿಂತಿತು. ಮೂವತ್ತು ವರ್ಷ ನಡೆದದ್ದನ್ನು ಸೋಲು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಈ ಉದ್ಯಮದಲ್ಲಿ ಮೂರು ವರ್ಷ ನಡೆದದ್ದನ್ನೇ ಕ್ರಾಂತಿ ಅನ್ನುತ್ತಾರೆ.

ಜಾಹೀರಾತಿನ ಪದ್ಧತಿಯನ್ನು ಲೇಖಕರು ಇಂಟರ್ನೆಟ್ ಕಾಲದ ಕಂಡುಹಿಡಿತವೆಂಬಂತೆ ಬಣ್ಣಿಸಿದ್ದಾರೆ. ಪತ್ರಿಕೆಯವರಾದ ನಿಮಗೆ ಇದನ್ನು ಹೇಳುವುದು ಮೀನಿಗೆ ಈಜು ಕಲಿಸಿದಂತೆ, ಆದರೂ ಹೇಳುತ್ತೇನೆ. 1833ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬೆಂಜಮಿನ್ ಡೇ ಎಂಬ ಮುದ್ರಕ ‘ಸನ್’ ಪತ್ರಿಕೆ ಶುರುಮಾಡಿದ. ಆಗ ಬೇರೆ ಪತ್ರಿಕೆಗಳಿಗೆ ಆರು ಸೆಂಟ್, ಇವನದಕ್ಕೆ ಒಂದೇ ಸೆಂಟ್. ಉಳಿದದ್ದನ್ನು ಜಾಹೀರಾತುದಾರರಿಂದ ತುಂಬಿಕೊಂಡ. ಬಡವರ ಕೈಗೆ ಪತ್ರಿಕೆ ಬಂತು, ಕೋರ್ಟಿನಲ್ಲಿ ನಿಂತ ಸಾಮಾನ್ಯರ ಕತೆ ಅಚ್ಚಿಗೆ ಬಂತು. ದೊಡ್ಡ ಹೊಸತನವೇ. ಎರಡು ವರ್ಷ ಕಳೆಯುವಷ್ಟರಲ್ಲಿ, 1835ರ ಆಗಸ್ಟಿನಲ್ಲಿ, ಅದೇ ಪತ್ರಿಕೆ ಚಂದ್ರನ ಮೇಲೆ ಬಾವಲಿಯ ರೆಕ್ಕೆಯ ಮನುಷ್ಯರಿದ್ದಾರೆ ಎಂದು ಕಂತುಕಂತಾಗಿ ಛಾಪಿಸಿತು, ಖಗೋಳಜ್ಞ ಜಾನ್ ಹರ್ಷೆಲ್ ದೂರದರ್ಶಕದಲ್ಲಿ ಕಂಡದ್ದು ಎಂಬ ಸುಳ್ಳು ಸೇರಿಸಿ. ಓದುಗರ ಸಂಖ್ಯೆಯನ್ನು ಜಾಹೀರಾತುದಾರರಿಗೆ ಮಾರುವ ಪತ್ರಿಕೆಗೆ ಬಾವಲಿ ಮನುಷ್ಯರು ಲಾಭದ ಸುದ್ದಿ. ಇಂದಿನ ಪರದೆಗಳ ಮೇಲೆ ಅವರ ಸಂತತಿ ದಿನಾ ಹಾರಾಡುತ್ತಿರುವುದನ್ನು ಕಂಡರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ.

ಈ ಅಪಾಯ ಗೂಗಲ್ ಹುಟ್ಟುಹಾಕಿದವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ಸ್ಟ್ಯಾನ್‌ಫರ್ಡಿನಲ್ಲಿ ವಿದ್ಯಾರ್ಥಿಗಳಾಗಿದ್ದಾಗ 1998ರಲ್ಲಿ ಪ್ರಕಟಿಸಿದ ಪ್ರಬಂಧದ ಅನುಬಂಧದಲ್ಲೇ ಅದು ಇದೆ. ಜಾಹೀರಾತಿನ ಹಣದಲ್ಲಿ ನಡೆಯುವ ಸರ್ಚ್ ಎಂಜಿನ್ ಸಹಜವಾಗಿಯೇ ಜಾಹೀರಾತುದಾರರ ಕಡೆ ವಾಲುತ್ತದೆ, ಹುಡುಕುವವರ ಅಗತ್ಯದಿಂದ ದೂರ ಸರಿಯುತ್ತದೆ ಎಂದು ಅವರೇ ಎಚ್ಚರಿಸಿದ್ದಾರೆ. ಅದೇ ವರ್ಷ ಬಿಲ್ ಗ್ರಾಸ್ ಅವರ ಗೋಟು ಎಂಬ ಕಂಪನಿ ಪದಗಳನ್ನು ಹರಾಜಿಗಿಟ್ಟಿತು: ಈ ಪದ ಹುಡುಕಿದವರಿಗೆ ನಿಮ್ಮ ಹೆಸರು ಮೊದಲು ಕಾಣಬೇಕೇ, ಕೂಗಿ; ಯಾರಾದರೂ ಒತ್ತಿದರೆ ಮಾತ್ರ ಹಣ ಕೊಡಿ. ಎಲ್ಲರೂ ನಕ್ಕರು. ಗೂಗಲ್ 2000ದಲ್ಲಿ ಜಾಹೀರಾತಿಗೆ ಕೈ ಹಾಕಿ, 2002ರಲ್ಲಿ ಕ್ಲಿಕ್ಕಿನ ಲೆಕ್ಕದ ಹರಾಜಿಗೆ ಬಂತು. ಅದಕ್ಕೊಂದು ತಿರುವು ಸೇರಿಸಿತ್ತು. ಹೆಚ್ಚು ಕೂಗಿದವರಿಗಷ್ಟೇ ಮೇಲಿನ ಜಾಗ ಅಲ್ಲ, ಜನ ಒತ್ತುತ್ತಾರೆಯೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿತು. ಗೋಟು ಆಗ ಓವರ್ಚರ್ ಎಂದು ಹೆಸರು ಬದಲಿಸಿಕೊಂಡಿತ್ತು, ಪೇಟೆಂಟ್ ತೋರಿಸಿ ಮೊಕದ್ದಮೆ ಹೂಡಿತು, ಆಮೇಲೆ ಅದನ್ನು ಯಾಹೂ ಕೊಂಡುಕೊಂಡಿತು, 2004ರಲ್ಲಿ ಗೂಗಲ್ ತನ್ನ 27 ಲಕ್ಷ ಷೇರುಗಳನ್ನು ಯಾಹೂಗೆ ಕೊಟ್ಟು ರಾಜಿ ಮಾಡಿಕೊಂಡಿತು. ಗಮನಿಸಿ, ಜಗಳ ಹುಡುಕುವ ವಿಧಾನದ ಮೇಲಲ್ಲ, ಬಿಲ್ ಮಾಡುವ ವಿಧಾನದ ಮೇಲೆ. ಲೇಖಕರು ಒಂದು ಪುಟ ತುಂಬ ಗೂಗಲ್ಲಿನ ಹುಡುಕುವ ವಿಧಾನವಾದ ಪೇಜ್‌ರ‍್ಯಾಂಕ್ ಹೊಗಳಿದ್ದಾರೆ, ಈ ಹರಾಜಿನ ಬಗ್ಗೆ ಒಂದು ಸಾಲಿಲ್ಲ. ನಮ್ಮ ಕಸುಬಿನವರಿಗೆ ಇದು ಅಭ್ಯಾಸವಾಗಿದೆ.

ಚಂದಾ ಪದ್ಧತಿ ಸಾಚಾ ಎಂದು ನಾನು ವಕಾಲತ್ತು ಹಾಕುತ್ತಿಲ್ಲ. ನಾನೇ ಮಾಡಿದ ಪಾಪ ಹೇಳಿಬಿಡುತ್ತೇನೆ. ನನ್ನ ಕೊನೆಯ ಕೆಲಸದಲ್ಲಿ ಒಂದು ಚಂದಾ ಸೇವೆಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಸೇರಲು ಎರಡು ಕ್ಲಿಕ್. ಬಿಡಲು ಕಚೇರಿ ವೇಳೆಯಲ್ಲಿ ಫೋನ್ ಮಾಡಬೇಕು, ಆ ನಂಬರ್ ಸಹಾಯ ಪುಟದ ಅಡಿಯಲ್ಲಿ. ಅದಕ್ಕಿಂತ ಕೆಟ್ಟದ್ದು ‘ಮಲಗಿದ ಖಾತೆ’ಗಳು. ಅಂದರೆ ತಿಂಗಳುಗಟ್ಟಲೆ ಒಳಗೇ ಬಾರದೆ, ಮರೆತು ಹಣ ಕಟ್ಟುತ್ತಿರುವವರು. ಅವರ ಪಟ್ಟಿ ಪ್ರತ್ಯೇಕವಾಗಿ ತೆಗೆಯಲು ನನಗೆ ಹೇಳಿದರು. ಪಾಪ, ನೆನಪಿಸಲು ಇರಬೇಕು ಅಂದುಕೊಂಡೆ. ಅಲ್ಲ. ಅವರಿಗೆ ಯಾವ ಮೇಲ್ ಕೂಡ ಹೋಗದಂತೆ ತಡೆಯಲು. ಹೊಸ ವರ್ಷದ ಶುಭಾಶಯವೂ ಬೇಡ, ಎಚ್ಚರವಾದಾರು ಎಂದರು. ಬರೆದುಕೊಟ್ಟೆ. ಆ ಪ್ರೋಗ್ರಾಮಿನಲ್ಲಿ ಒಂದು ದೋಷವೂ ಇರಲಿಲ್ಲ, ಅದೇ ಬೇಸರ.

ಹಾಗಾದರೆ ದೇಣಿಗೆ? ವಿಕಿಪೀಡಿಯದ ಹೆಸರು ಲೇಖನದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿದೆ, ‘ಅಪವಾದ’ ಎಂಬ ಹಣೆಪಟ್ಟಿಯೊಂದಿಗೆ. ಅದು ಅಪವಾದವಾಗಿ ಹುಟ್ಟಲಿಲ್ಲ. 2001ರ ಜನವರಿಯಲ್ಲಿ ಒಂದು ಲಾಭದ ಕಂಪನಿಯ ಆಸರೆಯಲ್ಲೇ ಹುಟ್ಟಿದ್ದು, ವಿಳಾಸದ ಕೊನೆಯಲ್ಲಿ ‘ಡಾಟ್ ಕಾಮ್’ ಇತ್ತು. ಮುಂದೆ ಜಾಹೀರಾತು ಬರಬಹುದೆಂಬ ಮಾತು ಕಿವಿಗೆ ಬಿದ್ದದ್ದೇ ತಡ, 2002ರ ಫೆಬ್ರವರಿಯಲ್ಲಿ ಸ್ಪ್ಯಾನಿಷ್ ಭಾಷೆಯ ಬರಹಗಾರರಲ್ಲಿ ಬಹುಪಾಲು ಜನ ಲೇಖನಗಳ ಪ್ರತಿ ತೆಗೆದುಕೊಂಡು ಹೊರಟೇಹೋದರು, ಸ್ಪೇನಿನ ಸೆವಿಯ್ಯ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ತಮ್ಮದೇ ವಿಶ್ವಕೋಶ ತೆರೆದರು. ಪರವಾನಗಿಯೇ ಅದಕ್ಕೆ ಅವಕಾಶ ಕೊಟ್ಟಿತ್ತು, ಯಾರೂ ತಡೆಯುವಂತಿರಲಿಲ್ಲ. ಅದೇ ವರ್ಷ ವಿಕಿಪೀಡಿಯ ‘ಡಾಟ್ ಆರ್ಗ್’ ಆಯಿತು. ಜಾಹೀರಾತು ಬರಲೇ ಇಲ್ಲ. ಇದನ್ನು ‘ಮಾರುಕಟ್ಟೆಯ ತೀರ್ಪು’ ಎನ್ನುವುದಾದರೆ ಅನ್ನಲಿ. ಕೊಟ್ಟವರು ಗ್ರಾಹಕರಲ್ಲ, ಕೆಲಸ ಮಾಡುವವರು. ಕೊಡಲು ಆದದ್ದು ತಮ್ಮ ಗಂಟು ಕಟ್ಟಿಕೊಂಡು ಹೊರಡುವ ಹಕ್ಕು ಇದ್ದುದರಿಂದ. ರೈಲಿನ ವೇಳೆಯನ್ನು ಮೂರು ಪುಟಕ್ಕೆ ಹರಿದು ಹಂಚಿದಾಗ ನಮಗೆ ಅಂಥ ಹಕ್ಕು ಇರಲಿಲ್ಲ. ಕೆಲಸ ಬಿಡಬಹುದಿತ್ತು, ಅಷ್ಟೆ.

ಇತ್ತ ಬ್ರಿಟಾನಿಕಾ ವಿಶ್ವಕೋಶ 244 ವರ್ಷದ ನಂತರ 2012ರಲ್ಲಿ ಅಚ್ಚು ನಿಲ್ಲಿಸಿತು, ಅದರ ಮಾರುಕಟ್ಟೆಗೆ ಮೊದಲ ಪೆಟ್ಟು ಕೊಟ್ಟಿದ್ದ ಮೈಕ್ರೋಸಾಫ್ಟಿನ ಎನ್‌ಕಾರ್ಟಾ ಅದಕ್ಕೂ ಮೊದಲೇ, 2009ರಲ್ಲಿ, ಮುಚ್ಚಿಹೋಗಿತ್ತು. ಬ್ರಿಟಾನಿಕಾ ಮಾತ್ರ ಇನ್ನೂ ಇದೆ, ಚಂದಾ ಮೇಲೆ, ಶಾಲೆಗಳಿಗೆ ಮಾರಾಟ ಮಾಡಿಕೊಂಡು. ಸತ್ತಿತೆಂದು ಶ್ರದ್ಧಾಂಜಲಿ ಬರೆಯಿಸಿಕೊಂಡ ಪದ್ಧತಿಗಳು ಹೀಗೆ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದು ಕೂರುತ್ತವೆ.

ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ, ಪುಕ್ಕಟೆಯಾಗಿದ್ದೂ ಗೆದ್ದಿದೆ ಎಂಬ ಲೇಖಕರ ಮಾತನ್ನು ಭಾಗಶಃ ಒಪ್ಪುತ್ತೇನೆ. 1976ರಲ್ಲಿ ಇಪ್ಪತ್ತರ ಹುಡುಗ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನಮ್ಮ ಬೇಸಿಕ್ ಎಂಬ ಪ್ರೋಗ್ರಾಂ ಭಾಷೆಯ ತಂತ್ರಾಂಶವನ್ನು ನಕಲು ಮಾಡಿಕೊಳ್ಳುತ್ತೀರಿ, ಬಿಟ್ಟಿಗೆ ಒಳ್ಳೆಯ ಕೆಲಸ ಮಾಡುವವರು ಯಾರು ಎಂದು ಕೇಳಿದ್ದರು. ಉತ್ತರ ಬರಲು ಸಮಯ ಹಿಡಿಯಿತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದರು, 1991ರಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಬಂತು. ಅದನ್ನೇ ನಂಬಿ, ತಂತ್ರಾಂಶವನ್ನು ಕೊಟ್ಟು ಆಸರೆ-ರಿಪೇರಿಯನ್ನು ಮಾರಿದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರಿಗೆ ಕೊಂಡಿತು. ಯಂತ್ರದ ಜೊತೆ ತಂತ್ರಾಂಶವನ್ನು ಕೂಡಿಸಿ ಕೊಡುತ್ತಿದ್ದುದನ್ನು ಬಿಟ್ಟು, ಅದಕ್ಕೆ ಬೇರೆ ಬಿಲ್ ಹಾಕುತ್ತೇವೆ ಎಂದು 1969ರಲ್ಲಿ ಹೇಳಿದ್ದೂ ಇದೇ ಐಬಿಎಂ. ಆದರೆ ಗೇಟ್ಸ್ ಕೇಳಿದ ಪ್ರಶ್ನೆ ಪೂರ್ತಿ ಮುಗಿದಿಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ತಿಳಿದದ್ದು: ಜಗತ್ತಿನ ವೆಬ್ ಸರ್ವರ್‌ಗಳ ದೊಡ್ಡ ಪಾಲಿನ ಬೀಗಮುದ್ರೆಯನ್ನು ನೋಡಿಕೊಳ್ಳುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸಗಾರ ಒಬ್ಬರು. ಕೋಟಿಗಟ್ಟಲೆ ಗಳಿಸುತ್ತಿದ್ದ ಕಂಪನಿಗಳೆಲ್ಲ ಆ ಬೀಗವನ್ನೇ ನೆಚ್ಚಿದ್ದವು. ಬಿಲ್ ಇಲ್ಲದ ಕಡೆ ಮಾಲೀಕರು ತಲೆ ಹಾಕುವುದಿಲ್ಲ.

ನನಗೆ ಕೊನೆಯವರೆಗೂ ಕುತೂಹಲ ಉಳಿಸಿದ ಸಂಗತಿ ಒಂದಿದೆ. ಪುಟ ಸಿಗದಿದ್ದಾಗ 404 ಎಂದು ಬರುವುದು ಎಲ್ಲರಿಗೂ ಗೊತ್ತು. ಅದಕ್ಕೆ ಎರಡು ಮನೆ ಹಿಂದೆ 402 ಇದೆ. ಅರ್ಥ, ‘ಹಣ ಕೊಡಬೇಕು’. ವೆಬ್ಬಿನ ನಿಯಮಾವಳಿ ಬರೆದವರು ಈ ಸಂಖ್ಯೆಯನ್ನು ತೊಂಬತ್ತರ ದಶಕದಲ್ಲೇ ಎತ್ತಿಟ್ಟರು, ಪಕ್ಕದಲ್ಲಿ ‘ಮುಂದಿನ ಬಳಕೆಗಾಗಿ’ ಎಂದು ಬರೆದರು. 2022ರಲ್ಲಿ ನಿಯಮಾವಳಿ ಪರಿಷ್ಕರಿಸಿದಾಗಲೂ ಅದೇ ಮಾತು ಉಳಿದಿದೆ. ಮನೆ ಕಟ್ಟಿದಾಗಲೇ ಗಲ್ಲಾಪೆಟ್ಟಿಗೆಗೆ ಗೂಡು ಬಿಟ್ಟಿದ್ದರು, ಪೆಟ್ಟಿಗೆ ಮಾತ್ರ ಬರಲಿಲ್ಲ. ಪ್ರಯತ್ನ ನಡೆಯಲಿಲ್ಲವೆಂದಲ್ಲ, ಡೇವಿಡ್ ಚಾಮ್ ಅವರ ಡಿಜಿಟಲ್ ಹಣದ ಕಂಪನಿ ಡಿಜಿಕ್ಯಾಶ್ 1998ರಲ್ಲಿ ದಿವಾಳಿಯಾಯಿತು. ಒಂದು ಲೇಖನಕ್ಕೆ ಚಿಲ್ಲರೆ ಕೊಡಲು ಯಾರಿಗೂ ಕಷ್ಟವಿಲ್ಲ, ಕೊಡಲೋ ಬೇಡವೋ ಎಂದು ಪ್ರತಿ ಸಲ ಯೋಚಿಸುವುದು ಕಷ್ಟ. ಮೂಗಿಗಿಂತ ಮೂಗುತಿ ಭಾರ. ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1962ರಲ್ಲೇ ಮಾಹಿತಿಯ ಇನ್ನೊಂದು ಪೇಚನ್ನು ತೋರಿಸಿದ್ದರು. ನೋಡದೆ ಅದರ ಬೆಲೆ ತಿಳಿಯದು, ನೋಡಿದ ಮೇಲೆ ಕೊಳ್ಳುವ ಅಗತ್ಯವೇ ಇರದು.

ಆ ಖಾಲಿ ಗೂಡಿನ ಸುತ್ತ ಈಗ ಮತ್ತೆ ಗದ್ದಲ ಎದ್ದಿದೆ. ‘ತೀರ್ಪು ಬಂದಾಗಿದೆ’ ಎನ್ನುವವರು ಇದನ್ನು ನೋಡಬೇಕು. 1994ರಿಂದ ವೆಬ್‌ಸೈಟುಗಳು ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಕಡತ ಇಟ್ಟು, ಯಾವ ಯಂತ್ರ ಎಲ್ಲಿಯವರೆಗೆ ಬರಬಹುದು ಎಂದು ಹೇಳುತ್ತಿದ್ದವು. ಅದು ಕಾನೂನಲ್ಲ, ಮರ್ಯಾದೆಯ ಒಪ್ಪಂದ. ಸರ್ಚ್ ಎಂಜಿನ್ ಪುಟ ಓದುತ್ತಿತ್ತು, ಬದಲಿಗೆ ಓದುಗರನ್ನು ಕಳಿಸುತ್ತಿತ್ತು, ಜಾಹೀರಾತು ನಡೆಯುತ್ತಿತ್ತು. ಉತ್ತರವನ್ನು ತಾನೇ ಬರೆದುಕೊಡುವ ಕೃತಕ ಬುದ್ಧಿಮತ್ತೆ ಪುಟವನ್ನು ಓದುತ್ತದೆ, ಓದುಗರನ್ನು ಕಳಿಸುವುದು ಕಡಿಮೆ. ಕೊಡು ಇದೆ, ಕೊಳ್ಳು ಕಾಣೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2023ರಲ್ಲಿ ಚಾಟ್‌ಜಿಪಿಟಿ ಕಂಪನಿ ಓಪನ್‌ಎಐ ಜೊತೆ ಪರವಾನಗಿ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಅದೇ ಓಪನ್‌ಎಐ ಮೇಲೂ ಮೈಕ್ರೋಸಾಫ್ಟ್ ಮೇಲೂ ಮೊಕದ್ದಮೆ ಹೂಡಿತು. ಒಂದೇ ಕಸುಬಿನ ಎರಡು ಮನೆ, ಒಂದು ಬಿಲ್ ಕಳಿಸಿತು, ಇನ್ನೊಂದು ವಕೀಲರನ್ನು ಕಳಿಸಿತು. ಯಾವುದು ಸರಿ ಎಂದು ನಾನು ಹೇಳಲಾರೆ. ಆದರೆ ಪ್ರತಿ ಪುಟದ ಮುಂದೂ ಕೊಡಲೋ ಬೇಡವೋ ಎಂದು ಮನುಷ್ಯ ಯೋಚಿಸಿ ದಣಿಯುತ್ತಾನೆ, ಯಂತ್ರ ದಣಿಯುವುದಿಲ್ಲ. ಮೂಗುತಿ ಹಗುರವಾಗುವ ಕಾಲ ಬಂದಿರಲೂಬಹುದು.

ಲೇಖಕರು ಕಾನೂನು ಮಾಡುವವರಿಗೆ ‘ಗೆದ್ದ ಮಾದರಿಯನ್ನು ಕಾಪಾಡಿ’ ಎಂದು ಕೊನೆಯಲ್ಲಿ ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಗೆದ್ದವರಿಗೆ ಕಾವಲುಗಾರರ ಕೊರತೆಯಿಲ್ಲ. ಕಾನೂನು ಬರೆಯುವವರು ನನ್ನನ್ನು ಕೇಳುವುದಿಲ್ಲ. ಕೇಳಿದರೆ ಬಿಲ್ಲಿಂಗ್ ಕೋಣೆಯಿಂದ ಕಾಣುವಷ್ಟನ್ನು ಹೇಳುತ್ತೇನೆ. ಸೇರಿದಷ್ಟೇ ಕ್ಲಿಕ್ಕಿನಲ್ಲಿ ಬಿಡಲು ಬರಬೇಕು. ಮಲಗಿದ ಖಾತೆಯನ್ನು ವರ್ಷಕ್ಕೊಮ್ಮೆಯಾದರೂ ಎಬ್ಬಿಸಿ ಕೇಳಬೇಕು. ನಾನು ಬರೆದದ್ದು, ನನ್ನ ಪಟ್ಟಿ, ನನ್ನ ಚಿತ್ರ ಎಲ್ಲವನ್ನೂ ಬೇರೆ ಕಡೆ ತೆರೆಯಲು ಬರುವ ರೂಪದಲ್ಲಿ ಕೈಗೆ ಕೊಡಬೇಕು, ಆ ಸ್ಪ್ಯಾನಿಷ್ ಬರಹಗಾರರಿಗೆ ಸಿಕ್ಕ ಹಾಗೆ. ಪುಕ್ಕಟೆ ಸೇವೆಯವರು ತಿಂಗಳಿಗೊಂದು ಸುಳ್ಳಿಲ್ಲದ ಬಿಲ್ ಕಳಿಸಲಿ ಎಂಬ ಆಸೆಯೂ ನನಗಿದೆ: ನಿಮ್ಮ ಇಷ್ಟು ಗಂಟೆ ಗಮನವನ್ನು ಇಂತಿಂಥವರಿಗೆ ಮಾರಿದೆವು, ಬಾಕಿ ಸೊನ್ನೆ ಎಂದು. ಬರೆಯುವುದು ಕಷ್ಟವಲ್ಲ, ಎರಡು ವಾರದ ಕೆಲಸ, ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.

ಗೋಫರ್ ಕುರಿತು ತಿದ್ದುಪಡಿ ಹಾಕುವುದಾದರೆ, ಸರ್ನ್ ವೆಬ್ಬನ್ನು ಬಿಟ್ಟುಕೊಟ್ಟ ದಿನಾಂಕ 1993ರ ಏಪ್ರಿಲ್ 30 ಎಂಬುದು ಸರಿಯಾಗಿ ಅಚ್ಚಾಗಲಿ.

ಇಂತಿ,
ನಿಮ್ಮ ಹಳೆಯ ಚಂದಾದಾರಳು,
ನಿವೃತ್ತ ಬಿಲ್ಲಿಂಗ್ ಪ್ರೋಗ್ರಾಮರ್